ಅಮ್ಮ ಬರೆಯದ ಒಂದು ಪುಟ

ನಾನು 30 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನಲ್ಲಿ. ನಾನು ಸ್ವಯಂ ನಿವೃತ್ತಿ ತೆಗೆದುಕೊಂಡು ಮೂರು ವರ್ಷ ಆಗುವಾಗ, 2020ರ ಏಪ್ರಿಲ್‌ನಲ್ಲಿ, ಬ್ಯಾಂಕೇ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅಷ್ಟು ವರ್ಷ ಕೌಂಟರಿನ ಈಚೆ ಕೂತು, ತೀರಿಕೊಂಡವರ ಖಾತೆ ಬಗೆಹರಿಸಲು ಬಂದವರನ್ನು ನೋಡಿದ್ದೇನೆ. ಕೈಯಲ್ಲಿ ಮರಣ ಪತ್ರ, ಕಣ್ಣಲ್ಲಿ ಗಾಬರಿ. ಒಂದು ವೀಲುನಾಮೆ ಮಾಡಿಟ್ಟಿದ್ದರೆ ಇವರಿಗೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ ಎಂದು ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ.

ಆದರೆ ಈ ಮಾತನ್ನು ನಮ್ಮ ಅಮ್ಮನಿಗೆ ಒಂದು ದಿನವೂ ಹೇಳಲಿಲ್ಲ. ಹೇಳುವುದು ಹೇಗೆ? ನಮ್ಮ ಕಡೆ ವೀಲುನಾಮೆ ಎಂದರೆ ಸಾವನ್ನು ಮನೆಗೆ ಕರೆದ ಹಾಗೆ.

ಅಮ್ಮ 2018ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೋದರು. 74 ವರ್ಷ. ಕಟಪಾಡಿಯ ಹತ್ತಿರ ಅವರ ಹೆಸರಿನಲ್ಲಿ ಮನೆ, 90 ಸೆಂಟ್ಸ್ ತೋಟ, ಮನೆ ಎದುರು ಒಂದಷ್ಟು ಶಂಕರಪುರ ಮಲ್ಲಿಗೆ ಗಿಡ. ಜಾಗ ಅಮ್ಮನದು. ಮನೆ ಕಟ್ಟಿದ್ದು ಮಾತ್ರ ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ದುಡಿದ ದುಡ್ಡಿನಲ್ಲಿ. ಅಪ್ಪ, ನಾನು, ತಮ್ಮ, ಮೂವರಿಗೆ ಮೂರು ಪಾಲು ಎಂದು ನಾವು ಲೆಕ್ಕ ಹಾಕಿಕೊಂಡು ಉಡುಪಿಯ ವಕೀಲರ ಹತ್ತಿರ ಹೋದೆವು.

ಅವರು ಮೊದಲು ಕೇಳಿದ ಪ್ರಶ್ನೆ: "ನಿಮ್ಮದು ಅಳಿಯಕಟ್ಟಾ?"

ಹೌದು ಎಂದೆ. ಆಸ್ತಿ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನದ ಕಟ್ಟು ನಮ್ಮದು. ಭೂತಾಳ ಪಾಂಡ್ಯನ ಕಥೆ ಕೇಳಿ ಬೆಳೆದವರು ನಾವು. ರಾಜನ ಹೆಂಡತಿ ಮಗನನ್ನು ಬಲಿ ಕೊಡಲು ಒಪ್ಪಲಿಲ್ಲ, ರಾಜನ ತಂಗಿ ತನ್ನ ಮಗನನ್ನು ಕೊಟ್ಟಳು, ಹಾಗಾಗಿ ಆಸ್ತಿ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ ಎನ್ನುವ ಕಥೆ. ಅದೆಲ್ಲ ಹಿಂದಿನ ಕಾಲದ್ದು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಎಲ್ಲರಿಗೂ ಒಂದೇ ಕಾನೂನು ಎಂದು ನಾನು ತಿಳಿದಿದ್ದೆ. ವಕೀಲರು ಕಾಯ್ದೆಯ 17ನೇ ಸೆಕ್ಷನ್ ತೆಗೆದು ತೋರಿಸಿದರು. ಬೇರೆ ಹಿಂದೂ ಹೆಂಗಸು ವೀಲುನಾಮೆ ಇಲ್ಲದೆ ಹೋದರೆ ಮಕ್ಕಳ ಜೊತೆ ಗಂಡನಿಗೂ ಸಮಪಾಲು. ಅಳಿಯಸಂತಾನದ ಹೆಂಗಸಾದರೆ ಮೊದಲ ಸಾಲಿನಲ್ಲಿ ಇರುವುದು ಮಕ್ಕಳು ಮತ್ತು ಅವಳ ತಾಯಿ. ಗಂಡ ಎರಡನೆಯ ಸಾಲಿನಲ್ಲಿ. ಮೊದಲ ಸಾಲಿನಲ್ಲಿ ಒಬ್ಬರಿದ್ದರೂ ಎರಡನೆಯ ಸಾಲಿಗೆ ಏನೂ ಬರುವುದಿಲ್ಲ.

ಅಮ್ಮನ ತಾಯಿ, ನಮ್ಮ ಅಜ್ಜಿ, ಆಗ ಬದುಕಿದ್ದರು. 91 ವರ್ಷ. ಹಾಗಾಗಿ ಪಾಲು ಮೂರೇ. ಆದರೆ ನನಗೊಂದು, ತಮ್ಮನಿಗೊಂದು, ಅಜ್ಜಿಗೊಂದು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಾಗಾದರೆ ನನ್ನ ಹೆಸರು ಎಲ್ಲಿಯೂ ಇಲ್ವಾ?" ಆ ಮನೆಯ ಒಂದೊಂದು ಹಂಚೂ ಅವರು ತಂದದ್ದು. ನನಗೆ ಉತ್ತರ ಹೊಳೆಯಲಿಲ್ಲ.

ವಕೀಲರು ಇನ್ನೊಂದು ವಿಷಯ ಮೆಲ್ಲಗೆ ಹೇಳಿದರು. ಅಜ್ಜಿಯ ಪಾಲನ್ನು ಅವರು ಇರುವಾಗಲೇ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಅದು ಅಜ್ಜಿಯ ಎಲ್ಲ ಮಕ್ಕಳಿಗೆ ಹೋಗುತ್ತದೆ. ಅಂದರೆ ಇಬ್ಬರು ಮಾವಂದಿರು, ಒಬ್ಬರು ಚಿಕ್ಕಮ್ಮ, ಅಮ್ಮನ ಬದಲು ನಾವಿಬ್ಬರು. ಒಬ್ಬ ಮಾವ ಬೊಂಬಾಯಿಯಲ್ಲಿ. ಯಾರೂ ಕೆಟ್ಟವರಲ್ಲ. ಆದರೆ ಒಂದು ಸಹಿಗೆ ಐದು ಜನರನ್ನು ಒಟ್ಟು ಸೇರಿಸುವುದು ಎಂದರೆ ಏನೆಂದು ಬ್ಯಾಂಕಿನಲ್ಲಿ ಇದ್ದವಳಿಗೆ ಗೊತ್ತು.

ಅಜ್ಜಿಗೆ ನಡೆಯಲು ಆಗುತ್ತಿರಲಿಲ್ಲ. ಹಾಸಿಗೆ ಹಿಡಿದವರಿದ್ದರೆ, ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ, ನೋಂದಣಿ ಅಧಿಕಾರಿ ಮನೆಗೇ ಬರುತ್ತಾರೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿಗೂ ಬಂದರು. ಹಕ್ಕು ಬಿಡುಗಡೆ ಪತ್ರವನ್ನು ಓದಿ ಹೇಳಿದರು. ಅಜ್ಜಿ ತುಳುವಿನಲ್ಲಿ ಕೇಳಿದ್ದು ಇಷ್ಟೇ, "ಎಂಕ್ ದಾಯೆಗ್ ಇಂದ್ ಪೂರಾ?" ನನಗೆ ಯಾಕೆ ಇದೆಲ್ಲ ಎಂದು. ಮಗಳ ಆಸ್ತಿಯಲ್ಲಿ ತನಗೆ ಪಾಲು ಬಂದಿದೆ ಎನ್ನುವುದೇ ಅವರಿಗೆ ಸಂಕಟ. ಹೆಬ್ಬೆಟ್ಟು ಒತ್ತಿ ಕೈಯನ್ನು ಸೆರಗಿಗೆ ಒರೆಸಿಕೊಂಡರು.

ಅಷ್ಟಕ್ಕೇ ಮುಗಿಯಲಿಲ್ಲ. ಪಹಣಿಯಲ್ಲಿ ಅಮ್ಮನ ಹೆಸರಿನ ಮುಂದೆ, ಶೆಟ್ಟಿ ಹೆಂಗಸರನ್ನು ಕರೆಯುವ ಹಾಗೆ, "ಶೆಡ್ತಿ" ಎಂದಿತ್ತು. ಆಧಾರ್‌ನಲ್ಲಿ "ಶೆಟ್ಟಿ". ಹಳೆಯ ಕ್ರಯಪತ್ರದಲ್ಲಿ ಬರೀ ಹೆಸರು, ಜೊತೆಗೆ ಮನೆಯ ಹೆಸರು. ಮೂವರೂ ಒಬ್ಬರೇ ಎಂದು ತೋರಿಸಲು ಅಫಿಡವಿಟ್, ವಂಶವೃಕ್ಷ, ಮತ್ತೊಂದು ಅಫಿಡವಿಟ್. ಈ ಕರಾವಳಿಯಲ್ಲಿ ಎಷ್ಟು ಮನೆಗಳಲ್ಲಿ ಈ ಶೆಡ್ತಿ-ಶೆಟ್ಟಿ, ಪೂಜಾರ್ತಿ-ಪೂಜಾರಿ ತಕರಾರು ಇರಬಹುದು ಮಾರಾಯ್ರೆ! ಅಮ್ಮ ಇರುವಾಗಲೇ ಸರಿ ಮಾಡಿಸಿದ್ದರೆ ಒಂದು ಅರ್ಜಿಯ ಕೆಲಸ. ಆಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಆಮೇಲೆ ನನಗೂ ತಮ್ಮನಿಗೂ ಪಾಲುಪತ್ರ. ತೋಟ ನನಗೆ, ಮನೆ ತಮ್ಮನಿಗೆ, ಮತ್ತು ಅಪ್ಪನಿಗೆ ಬದುಕಿರುವ ತನಕ ಆ ಮನೆಯಲ್ಲಿ ಇರುವ ಹಕ್ಕು. ಅದನ್ನು ಪತ್ರದಲ್ಲೇ ಬರೆಸಿದೆವು. ತಮ್ಮ ಅಪ್ಪನನ್ನು ಹೊರಗೆ ಹಾಕುತ್ತಾನೆ ಎಂದಲ್ಲ. ಅಪ್ಪನ ಹೆಸರು ಒಂದು ಕಾಗದದಲ್ಲಾದರೂ ಇರಲಿ ಎಂದು.

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ಒಂದು ವಾರ ಇರುವಾಗ, ಎಲ್ಲ ಮುಗಿಯಿತು. ಒಂದು ವರ್ಷ ಎಂಟು ತಿಂಗಳು. ಅಮ್ಮ ಒಂದು ಬಿಳಿ ಹಾಳೆಯಲ್ಲಿ "ಮನೆ ಇವರಿಗೆ, ತೋಟ ಅವರಿಗೆ" ಎಂದು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಆ ಸಾಕ್ಷಿಗಳೂ ಸಹಿ ಹಾಕಿದ್ದರೆ ಸಾಕಿತ್ತು. ವೀಲುನಾಮೆಗೆ ಸ್ಟಾಂಪ್ ಪೇಪರ್ ಬೇಡ. ನೋಂದಣಿಯೂ ಕಡ್ಡಾಯವಲ್ಲ.

ಒಂದು ಸಣ್ಣ ವಿಷಯ ಮಧ್ಯದಲ್ಲೇ ಹೇಳಿಬಿಡುತ್ತೇನೆ. ಅಮ್ಮನ ಎಫ್‌ಡಿಗೆ ನಾಮಿನಿ ನಾನು. "ಅದು ನಿನ್ನದೇ ಅಲ್ವಾ" ಎಂದ ತಮ್ಮ. ಅಲ್ಲ. ನಾಮಿನಿ ಎಂದರೆ ಹಣವನ್ನು ಬ್ಯಾಂಕಿನಿಂದ ಪಡೆದುಕೊಳ್ಳುವ ಕೈ, ಅಷ್ಟೆ. ಹಣ ವಾರಸುದಾರರದು. ಎಲ್ಐಸಿ ಪಾಲಿಸಿಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಇದನ್ನು ಹೇಳಿದೆ. ಶೇರುಗಳ ವಿಷಯದಲ್ಲಿ 2023ರಲ್ಲಿ ಮತ್ತೆ ಹೇಳಿತು. ವಿಮೆಗೆ ಮಾತ್ರ 2015ರ ತಿದ್ದುಪಡಿಯ ನಂತರ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರಿಗೇ ಸೇರುತ್ತದೆ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಒಳ್ಳೆಯದೇ. ಆದರೆ ನಾಲ್ಕು ಕೈ ಆಯಿತು ಎಂದ ಮಾತ್ರಕ್ಕೆ ನಾಮಿನೇಷನ್ ವೀಲುನಾಮೆ ಆಗುವುದಿಲ್ಲ. ಇದನ್ನು ನಾನು ಕೌಂಟರಿನಲ್ಲಿ ನೂರಾರು ಸಲ ಹೇಳಿದ್ದೇನೆ, ನಂಬಿದವರು ಕಡಿಮೆ.

ಅಮ್ಮನ ಕೆಲಸ ಮುಗಿದ ಮೇಲೆ ನನ್ನದು ಏನೇನುಂಟು ಎಂದು ನೋಡಿದೆ. ಮಂಗಳೂರಿನ ಕದ್ರಿಯಲ್ಲಿ ನಾವು ಇರುವ ಫ್ಲ್ಯಾಟ್, ನನ್ನ ಹೆಸರಿನಲ್ಲಿ. ಮಣಿಪಾಲದ ಕಡೆ 2004ರಲ್ಲಿ ತೆಗೆದುಕೊಂಡ ಆರು ಸೆಂಟ್ಸ್ ಸೈಟ್. ಅಮ್ಮನಿಂದ ಬಂದ ತೋಟ. ಎಫ್‌ಡಿ, ಒಂದಷ್ಟು ಶೇರು, ಲಾಕರಿನಲ್ಲಿ ಚಿನ್ನ. ಮಗಳು ಮಣಿಪಾಲದಲ್ಲಿ ಕೆಲಸ. ಮಗ ಅಬುಧಾಬಿಯಲ್ಲಿ. ಮತ್ತೆ ತಮ್ಮನ ಮಗ. ಅವನಿಗೆ ಸೆರೆಬ್ರಲ್ ಪಾಲ್ಸಿ. 20 ದಾಟಿದ ಹುಡುಗ, ನಗು ಮಾತ್ರ ಮಗುವಿನದು. ತಮ್ಮ, ನಾದಿನಿ ಇಬ್ಬರೂ ರಾತ್ರಿ ನಿದ್ದೆ ಮಾಡದಿರಲು ಅವನೊಬ್ಬನೇ ಕಾರಣ. ನಾವು ಹೋದ ಮೇಲೆ ಇವನಿಗೆ ಯಾರು?

ಹಳೆಯ ಬ್ಯಾಂಕ್ ಡೈರಿಯಲ್ಲಿ ಒಂದೊಂದು ಆಸ್ತಿಯ ಎದುರು ಒಂದೇ ಪ್ರಶ್ನೆ ಬರೆದೆ: ಇದು ನನ್ನ ಕೈಯಿಂದ ಯಾವಾಗ ಬಿಡಬೇಕು? ಈಗಲೇ ಬಿಡುವುದಾದರೆ ದಾನಪತ್ರ. ನಾನು ಹೋದ ಮೇಲೆ ಬಿಡುವುದಾದರೆ ವೀಲುನಾಮೆ. ನನ್ನ ಕೈ ಬಿಟ್ಟರೂ ಪಡೆಯುವವನ ಕೈಗೆ ನೇರ ಕೊಡಲಾಗದು, ನಡುವೆ ಇನ್ನೊಂದು ಕೈ ಬೇಕು ಎನ್ನುವುದಾದರೆ ಟ್ರಸ್ಟ್. ವಕೀಲರ ಪುಸ್ತಕದಲ್ಲಿ ಇದಕ್ಕೆ ನೂರು ಪುಟ ಇರಬಹುದು. ನನಗೆ ಇಷ್ಟು ಗೊತ್ತಾದ ಮೇಲೆ ದಾರಿ ಸಲೀಸಾಯಿತು.

ಮೊದಲು ಸೈಟ್. ಮಗಳು ಮನೆ ಕಟ್ಟಬೇಕು, ಸಾಲಕ್ಕೆ ಜಾಗ ಅವಳ ಹೆಸರಿನಲ್ಲಿ ಬೇಕು. ಹಾಗಾಗಿ 2023ರಲ್ಲಿ ದಾನಪತ್ರ. ಸ್ಥಿರಾಸ್ತಿಯ ದಾನಕ್ಕೆ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿಗಳು ಇರಲೇಬೇಕು. ಮಗಳಿಗೆ ಕೊಟ್ಟದ್ದರಿಂದ ಸ್ಟಾಂಪ್ ಶುಲ್ಕ ಕೆಲವು ಸಾವಿರದಲ್ಲಿ ಮುಗಿಯಿತು. ಹೊರಗಿನವರಿಗಾದರೆ ಮಾರಾಟದಷ್ಟೇ ಶುಲ್ಕ. ಪತ್ರದಲ್ಲಿ "ದಾನವನ್ನು ಸ್ವೀಕರಿಸಿದ್ದೇನೆ" ಎನ್ನುವ ಸಾಲು, ಅದಕ್ಕೆ ಮಗಳ ಸಹಿ. ಈ ಸಾಲು ಸುಮ್ನೆ ಅಲ್ಲ. ಕೊಟ್ಟವರು ಬದುಕಿರುವಾಗಲೇ ಪಡೆದವರು ಒಪ್ಪಿಕೊಳ್ಳದಿದ್ದರೆ ಅದು ದಾನವೇ ಅಲ್ಲ. ಚಿನ್ನಕ್ಕೆ ಇಷ್ಟೆಲ್ಲ ಬೇಡ. ಮದುವೆಯ ದಿನ ಅವಳ ಕೈಗೆ ನನ್ನ ಬಳೆ ಹಾಕಿದೆ, ಆ ಕ್ಷಣಕ್ಕೆ ದಾನ ಆಗಿಹೋಯಿತು.

ಜಗಳ ಆದದ್ದು ಇನ್ನೊಂದು ಸಾಲಿಗೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಸೆಕ್ಷನ್ ಒಂದುಂಟು. 60 ದಾಟಿದವರು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಸಹಾಯಕ ಕಮಿಷನರ್ ಎದುರು ಹೋಗಿ ಆ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಇರಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. ನನ್ನ ಪತ್ರ ಆದ ಮೇಲೆ, 2025ರಲ್ಲಿ, ಇನ್ನೊಂದು ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಧಾರಾಳವಾಗಿ ಓದಬೇಕು ಎಂದಿತು. ಕೋರ್ಟಿನ ಧಾರಾಳವನ್ನು ನಂಬಿ ಕೂರುವುದಕ್ಕಿಂತ ಒಂದು ಸಾಲು ಬರೆಸುವುದು ವಾಸಿ ಅಲ್ವಾ? ನಾನು ಬರೆಸಿದೆ. ಕರಡು ಓದಿದ ಮಗಳ ಮುಖ ಸಣ್ಣದಾಯಿತು. "ಅಮ್ಮ, ನನ್ನ ಮೇಲೆ ನಂಬಿಕೆ ಇಲ್ವಾ?"

ಎರಡು ದಿನ ಮಾತಿಲ್ಲ. ಕೊನೆಗೆ ಸಾಲ ಕೊಡುವ ಬ್ಯಾಂಕಿನ ವಕೀಲರೂ ಷರತ್ತಿನ ದಾನ ಎಂದರೆ ಅಡಮಾನಕ್ಕೆ ತೊಂದರೆ ಎಂದರು. ಆಗ ಕೂತು ಯೋಚಿಸಿದೆ. ಅದು ಖಾಲಿ ಸೈಟ್. ನಾಳೆ ಅವಳು ನನ್ನನ್ನು ಮರೆತರೂ ನಾನು ಬೀದಿಗೆ ಬೀಳುವುದಿಲ್ಲ. ಸಾಲು ತೆಗೆಸಿದೆ. ನಾವು ಇರುವ ಕದ್ರಿಯ ಫ್ಲ್ಯಾಟ್ ಆಗಿದ್ದರೆ ತೆಗೆಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ತಲೆಯ ಮೇಲಿನ ಸೂರನ್ನು ದಾನ ಕೊಡುವ ಯೋಚನೆಯೇ ನನಗೆ ಸರಿ ಕಾಣುವುದಿಲ್ಲ, ಷರತ್ತು ಇದ್ದರೂ. ದಾನಪತ್ರ ಹಿಂದೆ ಬರುವ ಕಾಗದವಲ್ಲ. ಮನಸ್ಸು ಬದಲಾಯಿತು ಎಂದು ರದ್ದು ಮಾಡಲಾಗದು. ಮಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳಿಗೆ ಬರೆದುಕೊಟ್ಟು, ತಾವೇ ಕಟ್ಟಿದ ಮನೆಯಲ್ಲಿ ನೆಂಟರ ಹಾಗೆ ಇರುವವರನ್ನು ನಾನು ನೋಡಿದ್ದೇನೆ.

ಆಡಿಟರ್ ಒಂದು ಕಿವಿಮಾತು ಹೇಳಿದರು: 2004ರ ಕ್ರಯಪತ್ರವನ್ನು ದಾನಪತ್ರದ ಜೊತೆಗೇ ಕೊಡಿ. ಮುಂದೆ ಮಗಳು ಮಾರಿದರೆ ಲಾಭದ ಲೆಕ್ಕಕ್ಕೆ ನಾನು ಕೊಟ್ಟ ಬೆಲೆ, ನಾನು ಕೊಂಡ ದಿನವೇ ಆಧಾರ.

ತೆರಿಗೆಯ ಬಗ್ಗೆ ಊರಲ್ಲಿ ಜಾಸ್ತಿ ಹೆದರಿಕೆ ಇದೆ. ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ದಾನ ಕೊಟ್ಟವರು ಕಟ್ಟಬೇಕಿದ್ದ ಗಿಫ್ಟ್ ಟ್ಯಾಕ್ಸ್ 1998ರಲ್ಲಿ ಹೋಯಿತು. ಈಗ ಉಳಿದಿರುವುದು ಪಡೆದವರ ಆದಾಯ ತೆರಿಗೆ. ಸಂಬಂಧಿಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಪೂರ್ತಿ ಮೊತ್ತಕ್ಕೆ ತೆರಿಗೆ. ಮದುವೆಗೆ ಬಂದದ್ದಕ್ಕೆ ಇಲ್ಲ. ವೀಲುನಾಮೆಯಿಂದ ಬಂದದ್ದಕ್ಕೆ ಇಲ್ಲ. ಸಂಬಂಧಿಗಳಿಂದ ಬಂದದ್ದಕ್ಕೂ ಇಲ್ಲ. ಆದರೆ ಸಂಬಂಧಿ ಯಾರು ಎಂದು ಕಾಯ್ದೆ ಪಟ್ಟಿ ಮಾಡಿದೆ. ಆ ಪಟ್ಟಿ ಓದಿ ನಾನೂ ನನ್ನ ಗಂಡನೂ ನಕ್ಕೆವು. ತಂದೆ ತಾಯಿಯ ಅಣ್ಣ ತಮ್ಮ, ಅಕ್ಕ ತಂಗಿ ಅದರಲ್ಲಿ ಇದ್ದಾರೆ. ಅಂದರೆ ಸೋದರಮಾವ ಅಳಿಯನಿಗೆ ಎಷ್ಟು ಕೊಟ್ಟರೂ ತೆರಿಗೆ ಇಲ್ಲ. ಅದೇ ಅಳಿಯ ಗಲ್ಫ್‌ನಲ್ಲಿ ದುಡಿದು ಮಾವನಿಗೆ ಒಂದು ಲಕ್ಷ ಕಳಿಸಿದರೆ ಮಾವನಿಗೆ ತೆರಿಗೆ, ಯಾಕೆಂದರೆ ಪಟ್ಟಿಯಲ್ಲಿ ಅಳಿಯ ಇಲ್ಲ. ಅಳಿಯಕಟ್ಟಿನ ಊರಿನಲ್ಲಿ ಅಳಿಯನೇ ಸಂಬಂಧಿ ಅಲ್ಲ! ಈ ನಗು ಆಮೇಲೆ ಟ್ರಸ್ಟ್ ಮಾಡುವಾಗ ನಮಗೇ ತಿರುಗಿತು. ಅದಕ್ಕೆ ಬರುತ್ತೇನೆ.

ತೋಟವನ್ನೂ ಈಗಲೇ ಮಗನ ಹೆಸರಿಗೆ ಮಾಡಿಬಿಡೋಣ ಎಂದು ನನ್ನ ಗಂಡ. ರಜೆಗೆ ಬಂದಾಗ ಒಂದೇ ದಿನದ ಕೆಲಸ ಎಂದರು. ಆಗಲಿಲ್ಲ. ಹೊರದೇಶದಲ್ಲಿ ನೆಲೆಸಿದವರಿಗೆ ಫ್ಲ್ಯಾಟ್, ಸೈಟ್ ದಾನ ಕೊಡಬಹುದು, ಕೃಷಿ ಜಮೀನು ಕೊಡಲಾಗದು. ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮ. ತೆಂಗಿನ ತೋಟವೂ ಕೃಷಿ ಜಮೀನೇ. ಆದರೆ ಅದೇ ಜಮೀನು ವೀಲುನಾಮೆಯಿಂದಲೋ ವಾರಸಿನಿಂದಲೋ ಬಂದರೆ ತೊಂದರೆ ಇಲ್ಲ. ಮುಂದೆ ಮಾರುವುದಾದರೆ ಮಾತ್ರ ಇಲ್ಲೇ ನೆಲೆಸಿರುವ ಭಾರತೀಯರಿಗೇ ಮಾರಬೇಕು. ಮನೆಗೊಬ್ಬ ಗಲ್ಫ್‌ನಲ್ಲಿ ಇರುವ ಜಿಲ್ಲೆ ನಮ್ಮದು. ಆದರೂ ಈ ನಿಯಮ ನನಗೆ 60ನೇ ವಯಸ್ಸಿಗೆ ಗೊತ್ತಾಯಿತು.

ಕರಡಿನಲ್ಲಿ ಅವರು "ತೋಟ ಮತ್ತು ಹಿಂದಿನ ಕುಮ್ಕಿ" ಎಂದೂ ಬರೆದಿದ್ದರು. ವಕೀಲರು ಕುಮ್ಕಿಯ ಮೇಲೆ ಗೆರೆ ಎಳೆದರು. ಕುಮ್ಕಿ ಸರಕಾರದ ಜಾಗ. ಸೊಪ್ಪು ಸೌದೆಗೆ ನಮಗೆ ಸವಲತ್ತು ಇದೆ, ಒಡೆತನ ಇಲ್ಲ. ಅಲ್ಲಿ ಅಜ್ಜ ನೆಟ್ಟ ಗೇರು ಮರಗಳಿದ್ದರೂ ಅಷ್ಟೆ. ನನ್ನದಲ್ಲದ್ದನ್ನು ನಾನು ಬರೆದುಕೊಡುವುದು ಹೇಗೆ?

ಹೀಗೆ ತೋಟ, ಫ್ಲ್ಯಾಟ್, ಉಳಿದದ್ದೆಲ್ಲ ವೀಲುನಾಮೆಗೆ ಬಂತು. ಕೈಬರಹದಲ್ಲಿ, ಕನ್ನಡದಲ್ಲಿ ನಾನೇ ಬರೆದೆ. ಟೈಪ್ ಮಾಡಿಸಿದರೂ ನಡೆಯುತ್ತದೆ. ಆದರೆ ಬರೆಯುತ್ತಾ ಹೋದ ಹಾಗೆ ನನಗೇ ನನ್ನ ಮನಸ್ಸು ಗೊತ್ತಾಯಿತು. ಫ್ಲ್ಯಾಟ್ ಮೊದಲು ಗಂಡನಿಗೆ ಬದುಕಿರುವ ತನಕ, ಆಮೇಲೆ ಮಕ್ಕಳಿಬ್ಬರಿಗೆ ಸಮವಾಗಿ. ಅಪ್ಪ ಕೇಳಿದ ಆ ಪ್ರಶ್ನೆಯನ್ನು ನನ್ನ ಗಂಡ ಕೇಳಬಾರದು. ತೋಟ ಮಗನಿಗೆ.

ಮೊದಲ ಕರಡಿನಲ್ಲಿ ತಪ್ಪು ಬೇಕಾದಷ್ಟು. "ಲಾಕರಿನಲ್ಲಿರುವ ಚಿನ್ನವೆಲ್ಲ ಮಗಳಿಗೆ" ಎಂದು ಬರೆದಿದ್ದೆ. ಅದೇ ಲಾಕರಿನಲ್ಲಿ ನಾದಿನಿ ಇಡಲು ಕೊಟ್ಟ ಎರಡೆಳೆ ಸರವೂ ಇತ್ತು! ಈಗ ಒಂದೊಂದು ಒಡವೆಯ ಹೆಸರೂ ಇದೆ. ಮಗ ನನಗಿಂತ ಮೊದಲು ಹೋದರೆ ತೋಟ ಯಾರಿಗೆ ಎಂದು ಬರೆದಿರಲಿಲ್ಲ. ಬರೆಯಲು ಕೈ ನಡುಗಿತು, ಆದರೂ ಬರೆದೆ. ಮರೆತುಹೋದ ಅಥವಾ ಮುಂದೆ ಬರುವ ಆಸ್ತಿ ಯಾರಿಗೆ ಎನ್ನುವ ಸಾಲೂ ಇರಲಿಲ್ಲ. ಸಾಕ್ಷಿಗಳ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡುವವಳಿದ್ದೆ. ಗಂಡನ ಸ್ನೇಹಿತರೊಬ್ಬರನ್ನು ಕೇಳಿದ್ದೆ. ಒಳ್ಳೆಯ ಮನುಷ್ಯ, 74 ವರ್ಷ. ನಾಳೆ ತಕರಾರು ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು "ಹೌದು, ನನ್ನೆದುರೇ ಸಹಿ ಹಾಕಿದರು" ಎನ್ನಬೇಕು. ಅವರು ನನಗಿಂತ ಮೊದಲೇ ಹೊರಟುಬಿಟ್ಟರೆ? ಮೇಲಿನ ಮಹಡಿಯ ನಲವತ್ತರ ಆಸುಪಾಸಿನ ದಂಪತಿಯನ್ನು ಕೇಳಿದೆ. ವೀಲುನಾಮೆಯಲ್ಲಿ ಪಾಲು ಇರುವವರನ್ನು ಸಾಕ್ಷಿ ಮಾಡಬೇಡಿ. ಒಳಗೆ ಏನಿದೆ ಎಂದು ಸಾಕ್ಷಿಗಳಿಗೆ ಓದಿ ಹೇಳಬೇಕಾಗಿಯೂ ಇಲ್ಲ.

ಅದೇ ದಿನ ನಮ್ಮ ಮನೆ ಡಾಕ್ಟರರಿಂದ ನನ್ನ ಬುದ್ಧಿ ಸರಿ ಇದೆ ಎಂದು ಒಂದು ಚೀಟಿ ಬರೆಸಿಕೊಂಡೆ. ಕಾನೂನು ಕೇಳುವುದಿಲ್ಲ, ಆದರೂ ಬೇಕು. ಡಾಕ್ಟರ್ ನಕ್ಕು, "ಬುದ್ಧಿ ಸರಿ ಇದ್ದವರು ಮಾತ್ರ ಈ ಚೀಟಿ ಕೇಳುತ್ತಾರೆ" ಎಂದರು. ಮಗಳನ್ನೂ ಒಬ್ಬ ಸೋದರಸಂಬಂಧಿಯನ್ನೂ ಎಕ್ಸಿಕ್ಯೂಟರ್, ಅಂದರೆ ವೀಲುನಾಮೆಯಲ್ಲಿ ಇದ್ದದ್ದನ್ನು ನಡೆಸಿಕೊಡುವವರು, ಎಂದು ಹೆಸರಿಸಿದೆ. ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸಿದೆ. ಕಳೆದುಹೋದರೆ ನಕಲು ಸಿಗುತ್ತದಲ್ಲ. ಯಾರಿಗೂ ತೋರಿಸುವುದು ಬೇಡ ಎನ್ನುವವರು ಸೀಲು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಇಡುವ ವ್ಯವಸ್ಥೆಯೂ ಇದೆ.

ಇದೆಲ್ಲ ನಮ್ಮಂಥವರ ಕಥೆ. ನಮ್ಮದೇ ಕಟ್ಟಡದಲ್ಲಿ ಕೆಳಗಿನ ಮನೆಯ ಬ್ಯಾರಿ ಮುಸ್ಲಿಂ ಗೆಳತಿಗೆ ಲೆಕ್ಕ ಬೇರೆ. ಅವರಲ್ಲಿ ವೀಲುನಾಮೆಯಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡಬೇಕಾದರೆ ವಾರಸುದಾರರು ಒಪ್ಪಬೇಕು. ಆದರೆ ಬದುಕಿರುವಾಗ ಕೊಡುವ ಹಿಬಾ ಬಾಯಿಮಾತಿನಲ್ಲೂ ಆಗುತ್ತದೆ: ಕೊಟ್ಟೆ ಎನ್ನಬೇಕು, ತೆಗೆದುಕೊಂಡೆ ಎನ್ನಬೇಕು, ಸ್ವಾಧೀನ ಕೊಡಬೇಕು. ಎದುರು ಮನೆಯ ಕೊಂಕಣಿ ಕ್ರೈಸ್ತ ಬಾಯಮ್ಮನವರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವೀಲುನಾಮೆ ಇಲ್ಲದೆ ಗಂಡ ಹೋದಾಗ ಅವರಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ. ಅವರಲ್ಲಿ ಮದುವೆಗೆ ಮೊದಲು ಬರೆದ ವೀಲುನಾಮೆ ಮದುವೆಯಾದ ಕೂಡಲೇ ರದ್ದು. ಒಂದೇ ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗುವ ನಮಗೆ ಮೂರು ಬೇರೆ ಕಾನೂನು. ಪಕ್ಕದ ಮನೆಯವರ ಪತ್ರದ ನಕಲು ಮಾಡುವುದು ಇದಕ್ಕೇ ಬೇಡ.

ಇನ್ನು ತಮ್ಮನ ಮಗ. ಊರಲ್ಲಿ ಟ್ರಸ್ಟ್ ಎಂದರೆ ದೈವಸ್ಥಾನದ ಟ್ರಸ್ಟ್, ಶಾಲೆಯ ಟ್ರಸ್ಟ್. ಒಬ್ಬ ಹುಡುಗನಿಗಾಗಿ ಟ್ರಸ್ಟ್ ಮಾಡಬಹುದು ಎಂದರೆ ತಮ್ಮ ನಂಬಲಿಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇರುವುದೇ ಇಂಥ ಖಾಸಗಿ ಟ್ರಸ್ಟ್‌ಗಳಿಗೆ. ಹಣ ಟ್ರಸ್ಟಿಗಳ ಹೆಸರಿನಲ್ಲಿ ಇರುತ್ತದೆ, ಸುಖ ಹುಡುಗನದು. ಟ್ರಸ್ಟಿ ಅದರಿಂದ ಲಾಭ ಮಾಡುವಂತಿಲ್ಲ, ಟ್ರಸ್ಟಿನ ಆಸ್ತಿಯನ್ನು ತಾನೇ ಕೊಂಡುಕೊಳ್ಳುವಂತಿಲ್ಲ.

2024ರಲ್ಲಿ ಪತ್ರ ಮಾಡಿದೆವು. ಟ್ರಸ್ಟ್ ಮಾಡಿದವನು ತಮ್ಮ. ಟ್ರಸ್ಟಿಗಳು ಅವನು, ಅವನ ಹೆಂಡತಿ, ನಾನು, ಮತ್ತು ನನ್ನ ಮಗಳು. ಮಗಳನ್ನು ಸೇರಿಸಿದ್ದು ವಯಸ್ಸಿನ ಲೆಕ್ಕದಲ್ಲಿ. ನಾವು ಮೂವರೂ ಹುಡುಗನಿಗಿಂತ ಮೊದಲೇ ಹೋಗುವವರು. ಟ್ರಸ್ಟಿ ಒಬ್ಬರು ಹೋದರೆ ಮುಂದಿನವರನ್ನು ಯಾರು ಆರಿಸಬೇಕು ಎಂದೂ ಬರೆದೆವು. ಹಣ ಯಾವುದಕ್ಕೆ ಎನ್ನುವಲ್ಲಿ ನಾದಿನಿ ಒಂದು ವಾರ ಕೂತಳು. ಫಿಸಿಯೋಥೆರಪಿ, ಗಾಲಿಕುರ್ಚಿ, ನೋಡಿಕೊಳ್ಳುವವರ ಸಂಬಳ ಎಲ್ಲ ಸರಿ. "ವರ್ಷಕ್ಕೊಮ್ಮೆ ಮಲ್ಪೆ ಬೀಚಿಗೆ ಕರೆದುಕೊಂಡು ಹೋಗಲು" ಎಂದೂ ಬರೆಸಿದಳು. ವಕೀಲರು ತಲೆಯೆತ್ತಿ ನೋಡಿದರು. "ಅವನಿಗೆ ಸಮುದ್ರ ಇಷ್ಟ" ಎಂದಳು. ಆ ಸಾಲು ಪತ್ರದಲ್ಲಿ ಹಾಗೇ ಉಂಟು.

ಎಲ್ಲಕ್ಕಿಂತ ಕಷ್ಟವಾದದ್ದು, ಹುಡುಗನ ಕಾಲ ಮುಗಿದ ಮೇಲೆ ಉಳಿದ ಹಣ ಯಾರಿಗೆ ಎನ್ನುವುದು. ಉಳಿದದ್ದು ಟ್ರಸ್ಟಿಗಳಿಗೇ ಬರುತ್ತದೆ ಎಂದಿದ್ದರೆ ಖರ್ಚು ಮಾಡುವಾಗ ಕೈ ಬಿಗಿ ಹಿಡಿಯುವ ಆಸೆ ಯಾರಿಗೂ ಬರಬಹುದು. ನನ್ನ ಮಗಳಿಗೂ. ಇದನ್ನು ಅವಳೇ ಹೇಳಿದ್ದು. ಇಂಥ ಮಕ್ಕಳಿಗಾಗಿ ದುಡಿಯುವ ಸಂಸ್ಥೆಗೆ ಎಂದು ಬರೆದೆವು. ಷರತ್ತಿನ ಸಾಲಿಗೆ ಅತ್ತ ಹುಡುಗಿ ಇವಳೇನಾ ಅನಿಸಿತು.

ಟ್ರಸ್ಟ್ ಹಣ ನೋಡಿಕೊಳ್ಳುತ್ತದೆ, ಹುಡುಗನ ಪರವಾಗಿ ಸಹಿ ಹಾಕುವುದಿಲ್ಲ. 18 ದಾಟಿದ ಮೇಲೆ ತಂದೆ ತಾಯಿಗೂ ತಾನಾಗಿ ಆ ಹಕ್ಕು ಇರುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಅದಕ್ಕೂ ಅರ್ಜಿ ಹಾಕಿದೆವು. ಅದೇ ಕಾಯ್ದೆಯ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷದವರೆಗಿನ ಆರೋಗ್ಯ ವಿಮೆಯೂ ಇದೆ.

ಈಗ ಆ ನಗುವಿನ ವಿಷಯ. ನಾನು ನನ್ನ ಎಫ್‌ಡಿಯಿಂದ ಐದು ಲಕ್ಷ ಟ್ರಸ್ಟ್‌ಗೆ ಹಾಕುವವಳಿದ್ದೆ. ಆಡಿಟರ್ ತಡೆದರು. ಹುಡುಗನಿಗೆ ನಾನು ತಂದೆಯ ಅಕ್ಕ, ನೇರ ಅವನ ಕೈಗೆ ಕೊಟ್ಟರೆ ತೆರಿಗೆ ಇಲ್ಲ. ಟ್ರಸ್ಟ್‌ಗೆ ಕೊಡುವಾಗ ಮಾತ್ರ, ಕೊಡುವವರ ಸಂಬಂಧಿಗಾಗಿ ಇರುವ ಟ್ರಸ್ಟ್‌ಗಷ್ಟೇ ವಿನಾಯಿತಿ. ನನ್ನ ಕಡೆಯಿಂದ ನೋಡಿದರೆ ಸೋದರಳಿಯ ಪಟ್ಟಿಯಲ್ಲಿ ಇಲ್ಲವಲ್ಲ! ಹಾಗಾಗಿ ಐದು ಲಕ್ಷ ತಮ್ಮನಿಗೆ ಕೊಟ್ಟೆ, ಚೆಕ್ಕಿನಲ್ಲಿ. ಅಕ್ಕ ತಮ್ಮನಿಗೆ ಕೊಟ್ಟರೆ ತೆರಿಗೆ ಇಲ್ಲ. ಅವನು ತನ್ನ ಹಣದ ಜೊತೆ ಟ್ರಸ್ಟ್‌ಗೆ ಹಾಕಿದ. ನನ್ನ ಕಾಲದ ನಂತರ ಟ್ರಸ್ಟ್‌ಗೆ ಹೋಗಬೇಕಾದದ್ದನ್ನು ವೀಲುನಾಮೆಯಲ್ಲಿ ಬರೆದೆ, ಅದಕ್ಕೂ ತೆರಿಗೆ ಇಲ್ಲ. ಹುಡುಗ ಇರುವ ತನಕ ಪೂರ್ತಿ ಪಾಲು ಅವನೊಬ್ಬನದೇ ಎಂದು ಪತ್ರದಲ್ಲಿ ಸ್ಪಷ್ಟ ಇರುವುದರಿಂದ ಬಡ್ಡಿಯ ತೆರಿಗೆಯೂ ಅವನ ಆದಾಯದ ಲೆಕ್ಕದಲ್ಲೇ ಬರುತ್ತದೆ. ಯಾರಿಗೆ ಎಷ್ಟು ಎಂಬುದನ್ನು ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟಿದ್ದರೆ ಸಾಮಾನ್ಯವಾಗಿ ಅತಿ ಹೆಚ್ಚಿನ ದರ ಹಾಕುತ್ತಾರಂತೆ. ತಮ್ಮ ಹೋದ ತಿಂಗಳು ಹುಡುಗನನ್ನು ಮಲ್ಪೆಗೆ ಕರೆದುಕೊಂಡು ಹೋಗಿ, ಆಟೋದ ಚೀಟಿಯನ್ನು ಟ್ರಸ್ಟಿನ ಫೈಲಿಗೆ ಹಾಕಿದ್ದಾನೆ.

ಮೊನ್ನೆ ರಾತ್ರಿ ಮಗ ಫೋನ್ ಮಾಡಿದ್ದ. ಅಬುಧಾಬಿ ಸಾಕಾಯಿತು, ಬರುವ ವರ್ಷ ಊರಿಗೇ ಬಂದುಬಿಡುತ್ತೇನೆ, ತೋಟ ನೋಡಿಕೊಳ್ಳುತ್ತೇನೆ ಎಂದ. ಹಾಗೆ ಬಂದು ಇಲ್ಲೇ ನೆಲೆಸಿದರೆ ತೋಟವನ್ನು ದಾನಪತ್ರದಲ್ಲೇ ಕೊಡಬಹುದು. ವೀಲುನಾಮೆಯ ಮೂರನೇ ಪುಟ ಬದಲಾಗಬೇಕು. ನಾನು ಕಪಾಟಿನಿಂದ ಲಕೋಟೆ ತೆಗೆದು, ಕನ್ನಡಕ ಹುಡುಕಿ, ಪೆನ್ನು ಹಿಡಿದು ಕೂತೆ.

"ಮೊದಲು ಅವನು ಬರಲಿ" ಎಂದರು ನನ್ನ ಗಂಡ. "ಹೋದ ವರ್ಷವೂ ಹೀಗೇ ಹೇಳಿದ್ದ."